ಮುದ್ರೆಯ ಆಯುಷ್ಯ: ಡಿಜಿಟಲ್ ಪ್ರಮಾಣಪತ್ರದ ಕೋರಿಕೆ, ನವೀಕರಣ ಮತ್ತು ರದ್ದತಿಯ ಚರಿತ್ರೆ

ಕರ್ನಾಟಕದ ದಾನಶಾಸನಗಳು ಕೊಟ್ಟ ದಾನವನ್ನು ಆಚಂದ್ರಾರ್ಕವಾಗಿ, ಅಂದರೆ ಸೂರ್ಯಚಂದ್ರರಿರುವವರೆಗೂ, ನಡೆಸಿಕೊಂಡು ಬರಬೇಕೆಂದು ವಿಧಿಸುತ್ತವೆ. ಅದನ್ನು ಅಳಿದವರಿಗೆ ತಗಲುವ ಪಾಪವನ್ನು ಶಾಪಾಶಯ ಭಾಗದಲ್ಲಿ ಎಣಿಸಿ ಹೇಳುತ್ತವೆ. ತಾಮ್ರಪಟಗಳನ್ನು ಪೋಣಿಸಿದ ಬಳೆಯ ಮೇಲಿನ ರಾಜಮುದ್ರೆ, ಗಂಗರಲ್ಲಿ ಆನೆ, ಬಾದಾಮಿ ಚಾಲುಕ್ಯರಲ್ಲಿ ವರಾಹ, ಈ ಮಾತಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಹೀಗಿದ್ದೂ ಕೂಟಶಾಸನಗಳು ಹುಟ್ಟಿದವು. ಗಂಗರ ಅನೇಕ ತಾಮ್ರಪಟಗಳು ಕೃತಕವೆಂದು ಜೆ.ಎಫ್. ಫ್ಲೀಟ್ ಅವರು ವಾದಿಸಿದುದೂ ಬಿ.ಎಲ್. ರೈಸ್ ಅವರು ಅದನ್ನು ಒಪ್ಪದೆ ಹೋದುದೂ ಶಾಸನಾಭ್ಯಾಸಿಗಳಿಗೆ ತಿಳಿದ ಸಂಗತಿ. ಮುದ್ರೆಯಿದ್ದ ಮಾತ್ರಕ್ಕೆ ಪತ್ರ ಸಾಚಾ ಆಗುವುದಿಲ್ಲ. ಒಮ್ಮೆ ಹೊರಬಿದ್ದ ಪತ್ರವನ್ನು ಹಿಂದಕ್ಕೆ ಪಡೆಯುವುದೂ ಸುಲಭವಲ್ಲ. ಈ ಎರಡು ತೊಡಕುಗಳು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಣಕಜಾಲದೊಳಗೆ ಮತ್ತೆ ಎದುರಾದವು. ಡಿಜಿಟಲ್ ಪ್ರಮಾಣಪತ್ರವನ್ನು ಗಣಕವೊಂದು ಬೇಡಿ ಪಡೆಯುವ, ನವೀಕರಿಸುವ, ರದ್ದುಮಾಡಿಸುವ ಕ್ರಮ ಹೇಗೆ ರೂಪುಗೊಂಡಿತು, ಈ ಮೂರರಲ್ಲಿ ರದ್ದತಿಯೇ ಏಕೆ ಕೈಗೂಡದೆ ಉಳಿಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಅವರು ಸಾರ್ವಜನಿಕ ಕೀಲಿಯ ಗೂಢಲಿಪಿಯನ್ನು ಮಂಡಿಸಿದರು. ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿಗಳು. ಒಂದನ್ನು ಗುಟ್ಟಾಗಿಡಬೇಕು, ಇನ್ನೊಂದನ್ನು ಎಲ್ಲರಿಗೂ ಕೊಡಬಹುದು. ಆದರೆ ಕೈಗೆ ಬಂದ ಸಾರ್ವಜನಿಕ ಕೀಲಿ ನಿಜವಾಗಿ ಯಾರದು? ಅದಕ್ಕಾಗಿ ಅವರು ಎಲ್ಲರ ಕೀಲಿಗಳನ್ನು ನಮೂದಿಸಿದ ಒಂದು ಸಾರ್ವಜನಿಕ ಕಡತವನ್ನು ಸೂಚಿಸಿದರು. ಪ್ರತಿ ಸಲವೂ ಆ ಕಡತವನ್ನೇ ಕೇಳಬೇಕಾದರೆ ಅದೇ ಇಕ್ಕಟ್ಟಿನ ಜಾಗವಾಗುತ್ತದೆ. 1978ರಲ್ಲಿ ಎಂಐಟಿಯ ವಿದ್ಯಾರ್ಥಿ ಲೋರೆನ್ ಕೋನ್‌ಫೆಲ್ಡರ್ ಅವರು ತಮ್ಮ ಪದವಿ ಪ್ರಬಂಧದಲ್ಲಿ ಬೇರೊಂದು ದಾರಿ ತೋರಿಸಿದರು: ಹೆಸರನ್ನೂ ಕೀಲಿಯನ್ನೂ ಒಂದೇ ಪತ್ರದಲ್ಲಿ ಬರೆದು, ನಂಬಿಕಸ್ಥರೊಬ್ಬರು ಅದಕ್ಕೆ ಡಿಜಿಟಲ್ ಸಹಿ ಹಾಕಿದರೆ ಸಾಕು, ಪತ್ರವನ್ನು ಯಾರು ಬೇಕಾದರೂ ಹೊತ್ತೊಯ್ಯಬಹುದು. ಆ ಪತ್ರಕ್ಕೆ ಅವರು ಪ್ರಮಾಣಪತ್ರವೆಂದೇ ಹೆಸರಿಟ್ಟರು. 1988ರ ಎಕ್ಸ್.509 ಮಾನಕ ಅದರ ಅಂಗಾಂಗಗಳನ್ನು ನಿಗದಿಪಡಿಸಿತು. ರದ್ದಾದ ಪತ್ರಗಳ ಪಟ್ಟಿಯ ಕಲ್ಪನೆಯೂ ಅದರಲ್ಲಿಯೇ ಇದೆ. ಕಡತದಿಂದ ಬಿಡುಗಡೆಗೊಂಡ ಪತ್ರ ರದ್ದತಿಗಾಗಿ ಮತ್ತೆ ಕಡತಕ್ಕೇ ಮರಳಬೇಕಾಯಿತೆಂಬುದನ್ನು ಇಲ್ಲಿಯೇ ಗುರುತಿಸಬೇಕು.

ಪತ್ರವನ್ನು ಬೇಡುವ ಬಗೆಗೆ ಒಂದು ನಿಶ್ಚಿತ ರೂಪ ದೊರೆತದ್ದು 1990ರ ದಶಕದಲ್ಲಿ, ಆರ್‌ಎಸ್‌ಎ ಪ್ರಯೋಗಾಲಯದ ಪಿಕೆಸಿಎಸ್ 10 ಎಂಬ ಮಾನಕದಿಂದ. ಕ್ಲೈಂಟ್, ಅಂದರೆ ಬೇಡುವ ಗಣಕದಲ್ಲಿರುವ ತಂತ್ರಾಂಶ, ಮೊದಲು ಕೀಲಿಗಳ ಜೋಡಿಯೊಂದನ್ನು ಸೃಷ್ಟಿಸುತ್ತದೆ. ತನ್ನ ಹೆಸರು, ಸಾರ್ವಜನಿಕ ಕೀಲಿ ಮತ್ತು ಕೆಲವು ವಿವರಗಳನ್ನು ಸೇರಿಸಿ ಕೋರಿಕೆಯನ್ನು ಸಿದ್ಧಪಡಿಸಿ, ಅದಕ್ಕೆ ತನ್ನದೇ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ಖಾಸಗಿ ಕೀಲಿ ಗಣಕವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಅದು ತನ್ನ ಬಳಿ ಇದೆಯೆಂಬುದನ್ನು ಮಾತ್ರ ಆ ಸಹಿ ತೋರಿಸುತ್ತದೆ. ಬೇಡುವವನೇ ಮೊದಲು ಸಹಿ ಹಾಕುವ ಈ ಕ್ರಮ ಇಂದಿಗೂ ಮೂಲತಃ ಬದಲಾಗಿಲ್ಲ. ಆದರೆ ಬೇಡುವವನು ಯಾರೆಂಬುದನ್ನು ಈ ಸಹಿ ಹೇಳದು. ಅದನ್ನು ವಿಚಾರಿಸುವ ಕೆಲಸ ಪ್ರಮಾಣೀಕರಣ ಪ್ರಾಧಿಕಾರದ ಸಿಬ್ಬಂದಿಯದಾಗಿತ್ತು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ಎಸ್‌ಎಸ್‌ಎಲ್ ಅನ್ನು ಬಳಕೆಗೆ ತಂದ ಮೇಲೆ ಬೇಡಿಕೆ ಬೆಳೆಯಿತು. ದಾಖಲೆ ಕಳುಹಿಸಿ, ಶುಲ್ಕ ತೆತ್ತು, ದಿನಗಟ್ಟಲೆ ಕಾಯುವುದು ರೂಢಿಯಾಯಿತು.

ಈ ವ್ಯವಹಾರವನ್ನು ಪೂರ್ಣವಾಗಿ ತಂತ್ರಾಂಶಕ್ಕೆ ಒಪ್ಪಿಸುವ ಮೊದಲ ದೊಡ್ಡ ಪ್ರಯತ್ನ 1999ರ ಸಿಎಂಪಿ ಎಂಬ ನಿಯಮಾವಳಿ. ಮೊದಲ ಕೋರಿಕೆ, ಕೀಲಿ ಬದಲಾವಣೆಯ ಕೋರಿಕೆ, ರದ್ದತಿಯ ಕೋರಿಕೆ ಹೀಗೆ ಪ್ರತಿಯೊಂದಕ್ಕೂ ಅದು ಪ್ರತ್ಯೇಕ ಸಂದೇಶವನ್ನು ಕಲ್ಪಿಸಿತು. ಸಮಗ್ರತೆಯೇ ಅದರ ಭಾರವೂ ಆಯಿತೆನ್ನಬಹುದು. ಸಿಸ್ಕೊ ಮತ್ತು ವೆರಿಸೈನ್ ಬಳಗದಿಂದ ಬಂದ ಸರಳವಾದ ಎಸ್‌ಸಿಇಪಿ ಜಾಲೋಪಕರಣಗಳಲ್ಲಿ ಬೇರೂರಿತಾದರೂ 2020ರಲ್ಲಷ್ಟೇ ಆರ್‌ಎಫ್‌ಸಿ 8894 ಆಗಿ ಪ್ರಕಟವಾಯಿತು. ಅದರಲ್ಲಿ ಪಡೆಯುವುದಕ್ಕೆ ಮಾರ್ಗವಿದೆ, ನವೀಕರಿಸುವುದಕ್ಕೆ ಮಾರ್ಗವಿದೆ, ರದ್ದತಿಯ ಕೋರಿಕೆಗೆ ಇಲ್ಲ. ಇದನ್ನು ಕೇವಲ ಮರೆವೆಂದು ತಳ್ಳಿಹಾಕಲಾಗದು. ಕೊಡುವ ವಿಧಿಗಳನ್ನು ವಿಸ್ತಾರವಾಗಿ ಕಟ್ಟಿದವರೆಲ್ಲ ಹಿಂಪಡೆಯುವ ವಿಧಿಯ ಮುಂದೆ ತಡವರಿಸಿದ್ದಾರೆ.

ಭಾರತದಲ್ಲಿ ಈ ವಿಷಯವನ್ನು ಕಾನೂನು ಕೈಗೆತ್ತಿಕೊಂಡಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 35ನೆಯ ಕಲಮು ಪ್ರಮಾಣಪತ್ರ ನೀಡಿಕೆಯನ್ನೂ 37ನೆಯದು ಅಮಾನತನ್ನೂ 38ನೆಯದು ರದ್ದತಿಯನ್ನೂ ಹೇಳುತ್ತವೆ. ಚಂದಾದಾರನ ಕೋರಿಕೆಯ ಮೇಲೆ, ಆತನ ಮರಣಾನಂತರ, ಅಥವಾ ಪಾಲುದಾರಿಕೆ ಸಂಸ್ಥೆ ವಿಸರ್ಜನೆಯಾದಾಗ ಪತ್ರವನ್ನು ರದ್ದುಗೊಳಿಸಬಹುದು. ಇಲ್ಲಿ ಪತ್ರದ ಆಯುಷ್ಯ ಮನುಷ್ಯನ ಆಯುಷ್ಯಕ್ಕೆ ಅಂಟಿಕೊಂಡಿದೆ. ಬೆಂಗಳೂರಿನಲ್ಲಿ ನೆಲೆಯೂರಿದ ಪರವಾನಗಿ ಪಡೆದ ಪ್ರಾಧಿಕಾರವೊಂದು ತನ್ನನ್ನು ಇಮುದ್ರಾ ಎಂದು ಕರೆದುಕೊಂಡಿರುವುದು ಹಳೆಯ ಪದದ ಬಾಳಿಕೆಗೆ ಸಾಕ್ಷಿ.

ಕಾಯಿದೆ ರದ್ದುಪಡಿಸಬಹುದು, ಆದರೆ ರದ್ದಾದ ಸುದ್ದಿ ದೂರದ ಬ್ರೌಸರ್‌ಗೆ ಮುಟ್ಟುವುದು ಹೇಗೆ? ಪಟ್ಟಿಗಳು ಉದ್ದವಾದವು, ಹಳತಾದವು. 1999ರ ಒಸಿಎಸ್‌ಪಿ ಪ್ರತಿ ಪತ್ರದ ಬಗೆಗೂ ಆಗಿಂದಾಗ ಕೇಳುವ ಏರ್ಪಾಟನ್ನು ತಂದಿತು. ಉತ್ತರ ಬಾರದಿದ್ದರೆ ಬಹುಪಾಲು ಬ್ರೌಸರ್‌ಗಳು ಪತ್ರ ಸರಿಯಿದೆಯೆಂದೇ ಭಾವಿಸಿ ಮುಂದುವರಿದವು. ಜಾಲವನ್ನು ತನ್ನ ಹಿಡಿತದಲ್ಲಿಟ್ಟುಕೊಂಡ ವಂಚಕನಿಗೆ ಉತ್ತರವನ್ನು ತಡೆಯುವುದು ಕಷ್ಟವಲ್ಲ. ಬೇಡದ ಸಮಯದಲ್ಲಿ ಕೆಲಸ ಮಾಡಿ ಬೇಕಾದಾಗ ಕೈಕೊಡುವ ಕಾವಲು ಇದು. ಜೊತೆಗೆ, ಯಾರು ಯಾವ ತಾಣಕ್ಕೆ ಹೋಗುತ್ತಿದ್ದಾರೆಂಬ ಗುಟ್ಟೂ ಪ್ರಾಧಿಕಾರದ ಕಿವಿಗೆ ಬೀಳುತ್ತಿತ್ತು.

2011ರಲ್ಲಿ ನೆದರ್‌ಲ್ಯಾಂಡ್ಸಿನ ಡಿಜಿನೋಟರ್ ಪ್ರಾಧಿಕಾರದ ಗಣಕಗಳಿಗೆ ನುಗ್ಗಿದವರು ಗೂಗಲ್ ಸೇರಿದಂತೆ ಹಲವು ಹೆಸರುಗಳಲ್ಲಿ ಐನೂರಕ್ಕೂ ಹೆಚ್ಚು ಸುಳ್ಳು ಪತ್ರಗಳನ್ನು ಹುಟ್ಟಿಸಿದರು. ಗೂಗಲ್ ಹೆಸರಿನ ಪತ್ರ ಇರಾನಿನ ಬಳಕೆದಾರರ ಮೇಲೆ ಪ್ರಯೋಗವಾಯಿತು. ಬ್ರೌಸರ್ ತಯಾರಕರು ಒಂದೊಂದೇ ಪತ್ರವನ್ನು ರದ್ದುಮಾಡುವುದನ್ನು ಬಿಟ್ಟು ಇಡೀ ಪ್ರಾಧಿಕಾರವನ್ನೇ ನಂಬಿಕೆಯಿಂದ ಹೊರಹಾಕಿದರು. ಅದೇ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಾಧಿಕಾರದಿಂದ ಗೂಗಲ್ ಹೆಸರುಗಳಿಗೆ ಅನಧಿಕೃತ ಪತ್ರಗಳು ಹೊರಬಿದ್ದಿರುವುದು ಪತ್ತೆಯಾದಾಗ, ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಕೇಂದ್ರದ ಮಧ್ಯವರ್ತಿ ಪತ್ರಗಳನ್ನು ರದ್ದುಪಡಿಸಿದರು. ಗೂಗಲ್‌ನ ಕ್ರೋಮ್ ಬ್ರೌಸರ್ ಭಾರತದ ಮೂಲ ಪತ್ರವನ್ನು ಕೆಲವೇ ಭಾರತೀಯ ಡೊಮೈನ್‌ಗಳಿಗೆ ಸೀಮಿತಗೊಳಿಸಿತು. ಎರಡೂ ಪ್ರಸಂಗಗಳಲ್ಲಿ ನಿಜವಾದ ರದ್ದತಿ ನಡೆದದ್ದು ಬ್ರೌಸರ್‌ನೊಳಗೆ.

2014ರ ನವೆಂಬರಿನಲ್ಲಿ ಘೋಷಣೆಯಾಗಿ, 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ ಪ್ರಾಧಿಕಾರ ಶುಲ್ಕವನ್ನೂ ಗುಮಾಸ್ತಿಕೆಯನ್ನೂ ಒಟ್ಟಿಗೆ ತೆಗೆದುಹಾಕಿತು. ಅದು ಬಳಸಿದ ಆಕ್ಮಿ ನಿಯಮಾವಳಿ 2019ರಲ್ಲಿ ಆರ್‌ಎಫ್‌ಸಿ 8555 ಆಯಿತು. ಕ್ಲೈಂಟ್ ಮೊದಲು ತನ್ನ ಕೀಲಿಯಿಂದ ಖಾತೆಯೊಂದನ್ನು ತೆರೆಯುತ್ತದೆ, ಯಾವ ಡೊಮೈನ್‌ಗೆ ಪತ್ರ ಬೇಕೆಂದು ಬೇಡಿಕೆ ಸಲ್ಲಿಸುತ್ತದೆ. ಪ್ರಾಧಿಕಾರ ಒಂದು ಗುರುತಿನ ಮಾತನ್ನು ಕೊಟ್ಟು, ಅದನ್ನು ಆ ಡೊಮೈನ್‌ನ ಗೊತ್ತುಪಡಿಸಿದ ಜಾಗದಲ್ಲಿ, ಅಥವಾ ಹೆಸರುಗಳ ದಾಖಲೆಯಲ್ಲಿ, ಇಟ್ಟು ತೋರಿಸೆನ್ನುತ್ತದೆ. ಇಟ್ಟದ್ದನ್ನು ತಾನೇ ಹೋಗಿ ನೋಡಿದ ಮೇಲೆಯೇ ಹಳೆಯ ಪಿಕೆಸಿಎಸ್ 10 ಕೋರಿಕೆಯನ್ನು ಸ್ವೀಕರಿಸಿ ಪತ್ರವನ್ನು ಕೊಡುತ್ತದೆ. ಪ್ರತಿ ಸಂದೇಶದಲ್ಲಿಯೂ ಒಮ್ಮೆ ಮಾತ್ರ ಸಲ್ಲುವ ಒಂದು ಗುರುತು ಇರುವುದರಿಂದ ಹಳೆಯ ಸಂದೇಶವನ್ನು ಕದ್ದು ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. ಜನಪದ ರಾಮಾಯಣಗಳನ್ನು ಬಲ್ಲವರಿಗೆ ಹನುಮಂತ ಒಯ್ದ ಮುದ್ರೆಯುಂಗುರವೂ ಸೀತೆ ತಿರುಗಿ ಕೊಟ್ಟ ಚೂಡಾಮಣಿಯೂ ಇಲ್ಲಿ ನೆನಪಾದರೆ ಅಚ್ಚರಿಯಿಲ್ಲ. ಅಲ್ಲಿಯೂ ಹೋದ ಗುರುತಿಗೆ ಬಂದ ಗುರುತು ಉತ್ತರ. ಆದರೆ ಸೀತೆ ಗುರುತಿಸಿದ್ದು ವ್ಯಕ್ತಿಯನ್ನು. ಆಕ್ಮಿ ಗುರುತಿಸುವುದು ಡೊಮೈನ್‌ನ ಮೇಲಿನ ಹಿಡಿತವನ್ನು ಮಾತ್ರ.

ಈ ನಿಯಮಾವಳಿಯಲ್ಲಿ ರದ್ದತಿಗೆ ಪ್ರತ್ಯೇಕ ಕೋರಿಕೆಯಿದೆ. ಖಾತೆಯ ಕೀಲಿಯಿಂದಾಗಲಿ ಪತ್ರದ ಖಾಸಗಿ ಕೀಲಿಯಿಂದಾಗಲಿ ಅದಕ್ಕೆ ಸಹಿ ಹಾಕಬಹುದು. ಕೀಲಿಯನ್ನು ಕದ್ದವನೂ ಪತ್ರವನ್ನು ರದ್ದುಮಾಡಿಸಬಲ್ಲ, ಅದರಿಂದ ಕೇಡಿಲ್ಲ. ಕೀಲಿ ಕಳುವಾಗಿದೆಯೆಂಬುದೇ ರದ್ದತಿಗೆ ಕಾರಣ. ನವೀಕರಣಕ್ಕೆ ಮಾತ್ರ ಪ್ರತ್ಯೇಕ ಸಂದೇಶವಿಲ್ಲ. ನವೀಕರಣವೆಂದರೆ ಮೊದಲಿನಿಂದ ಮತ್ತೊಮ್ಮೆ ಬೇಡುವುದು. ಹಳೆಯ ಪತ್ರಕ್ಕೆ 90 ದಿನಗಳ ಆಯುಷ್ಯವಿದ್ದುದರಿಂದ ಈ ಮರುಬೇಡಿಕೆಯನ್ನು ವೇಳಾಪಟ್ಟಿಗೆ ಕಟ್ಟಿಹಾಕುವುದೇ ಕ್ಲೈಂಟ್ ಬರೆಯುವವರ ಮುಖ್ಯ ಕೆಲಸವಾಯಿತು.

ಅದರ ಪರೀಕ್ಷೆ 2020ರಲ್ಲಿ ನಡೆಯಿತು. ಪ್ರಾಧಿಕಾರದ ತಂತ್ರಾಂಶದಲ್ಲಿ, ಡೊಮೈನ್ ಒಡೆಯರ ಅನುಮತಿಯನ್ನು ಮರುಪರಿಶೀಲಿಸುವ ಭಾಗದಲ್ಲಿ, ದೋಷವೊಂದು ಫೆಬ್ರವರಿ 29ರಂದು ಪತ್ತೆಯಾಯಿತು. 30,48,289 ಪತ್ರಗಳನ್ನು ಕೆಲವೇ ದಿನಗಳಲ್ಲಿ ರದ್ದುಗೊಳಿಸಬೇಕೆಂಬುದು ನಿಯಮ. ಗಡುವಿನ ವೇಳೆಗೆ 17 ಲಕ್ಷಕ್ಕೂ ಹೆಚ್ಚು ರದ್ದಾದವು. ಉಳಿದವನ್ನು ಮುಟ್ಟಿದರೆ ಬಳಕೆಯಲ್ಲಿರುವ ತಾಣಗಳೇ ನಿಂತುಹೋದಾವೆಂಬ ಅಳುಕಿನಿಂದ ಪ್ರಾಧಿಕಾರ ಅವನ್ನು ಗಡುವಿನೊಳಗೆ ರದ್ದುಮಾಡಲು ಹಿಂಜರಿಯಿತು. ಎಷ್ಟೋ ಕ್ಲೈಂಟ್‌ಗಳಿಗೆ ಅವಧಿಗೆ ಮುನ್ನ ಪತ್ರ ಬದಲಿಸಬೇಕೆಂದು ತಿಳಿಯುವ ದಾರಿಯೇ ಇರಲಿಲ್ಲ. ಆ ಕೊರತೆಯನ್ನು ತುಂಬುವ ವಿಸ್ತರಣೆ 2025ರಲ್ಲಿ ಆರ್‌ಎಫ್‌ಸಿ 9773 ಆಗಿ ಪ್ರಕಟವಾಯಿತು. ಅದರಂತೆ ಯಾವಾಗ ನವೀಕರಣಕ್ಕೆ ಬರಬೇಕೆಂಬುದನ್ನು ಕ್ಲೈಂಟ್ ಆಗಾಗ ವಿಚಾರಿಸುತ್ತದೆ, ಪ್ರಾಧಿಕಾರ ಹೇಳುತ್ತದೆ.

ಅಷ್ಟರಲ್ಲಿ ಆಯುಷ್ಯವನ್ನೇ ಕುಗ್ಗಿಸುವ ದಾರಿ ಗಟ್ಟಿಯಾಗಿತ್ತು. ಬ್ರೌಸರ್‌ಗಳು ನಂಬುವ ತಾಣಪತ್ರದ ಗರಿಷ್ಠ ಅವಧಿ 2018ರಲ್ಲಿ 825 ದಿನಗಳಿಗೂ 2020ರ ಸೆಪ್ಟೆಂಬರಿನಿಂದ 398 ದಿನಗಳಿಗೂ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಪ್ರಾಧಿಕಾರಗಳ ಮತ್ತು ಬ್ರೌಸರ್ ತಯಾರಕರ ವೇದಿಕೆ ಅದನ್ನು 2026ರ ಮಾರ್ಚ್ 15ರಿಂದ 200, 2027ರಲ್ಲಿ 100, 2029ರಲ್ಲಿ 47 ದಿನಗಳೆಂದು ಗೊತ್ತುಪಡಿಸಿತು. ಇದನ್ನು ಪರಿಹಾರವೆನ್ನುವುದಕ್ಕಿಂತ ರಾಜಿಯೆನ್ನುವುದು ಯುಕ್ತ: ಹಿಂಪಡೆಯಲಾಗದ ಪತ್ರ ಬೇಗ ಸಾಯಲಿ ಎಂಬುದು ಇದರ ತರ್ಕ. ಕೈಯಿಂದ ಪತ್ರ ಬದಲಿಸುತ್ತಿದ್ದ ಸಣ್ಣ ಕಚೇರಿಗಳಿಗೆ ಇದರ ಹೊರೆ ಕಡಿಮೆಯೇನಲ್ಲ. ಲೆಟ್ಸ್ ಎನ್‌ಕ್ರಿಪ್ಟ್ 2025ರ ಆಗಸ್ಟ್ 6ರಂದು ತನ್ನ ಒಸಿಎಸ್‌ಪಿ ಸೇವೆಯನ್ನು ನಿಲ್ಲಿಸಿತು. ಅದೇ ವರ್ಷ ಸುಮಾರು ಆರು ದಿನಗಳ ಆಯುಷ್ಯದ ಪತ್ರಗಳನ್ನು ನೀಡತೊಡಗಿತು. ರದ್ದಾಗಿದೆಯೇ ಎಂದು ವಿಚಾರಿಸಬೇಕಾದ ವಿಳಾಸವನ್ನು ಆ ಪತ್ರಗಳಲ್ಲಿ ನಮೂದಿಸುವುದಿಲ್ಲ.