ಅಸ್ತರಿಲ್ಲದ ಚೀಲ, ನಿಲ್ಲದ ಬಣ್ಣ

ಟೆಸ್ಟ್ ಪಂದ್ಯ ನೋಡಿದವರಿಗೆಲ್ಲ ಆ ಕೆಂಪು ಗುರುತು ಪರಿಚಿತ. ವೇಗದ ಬೌಲರ್ ಬೆಳಗಿನಿಂದ ಚೆಂಡನ್ನು ತೊಡೆಗೆ ಉಜ್ಜಿ ಉಜ್ಜಿ ಹೊಳಪು ಬರಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅವನ ಬಿಳಿ ಪ್ಯಾಂಟಿನ ಮೇಲೆ ಕೆಂಪು ಪಟ್ಟೆಯೊಂದು ಮೂಡಿರುತ್ತದೆ. ಮೈದಾನದಲ್ಲಿ ಅದು ದುಡಿಮೆಯ ಗುರುತು, ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅದೇ ರೀತಿ ಹಳೆಯ ಚರ್ಮದ ಕೈಚೀಲವೊಂದರ ಬಣ್ಣ ಒಳಗಿಟ್ಟ ಕರವಸ್ತ್ರಕ್ಕೋ, ಪಾಸ್‌ಬುಕ್ಕಿನ ಅಂಚಿಗೋ, ಬಿಳಿ ಅಂಗಿಯ ಪಕ್ಕಕ್ಕೋ ಹತ್ತಿತೆನ್ನಿ: ಚೀಲ ಕೆಟ್ಟಿತು, ಇಲ್ಲವೇ ಮೊದಲಿನಿಂದಲೂ ಕಳಪೆ ಮಾಲೇ ಆಗಿತ್ತು ಎಂಬ ತೀರ್ಮಾನವಾಗಿಬಿಡುತ್ತದೆ.

ಈ ತೀರ್ಮಾನ ಬಹುಪಾಲು ತಪ್ಪು. ಹೆಚ್ಚು ಬಣ್ಣ ಬಿಡುವ ಹಳೆಯ ಚೀಲಗಳಲ್ಲಿ ಎಷ್ಟೋ ಚೀಲಗಳು ಒಳ್ಳೆಯ ಚರ್ಮದವು. ಚರ್ಮವನ್ನು ಮುಚ್ಚಿಡದೆ, ಒಳಗೂ ಹೊರಗೂ ಇದ್ದಂತೆ ತೋರಿಸಬೇಕೆಂಬ ಹಟದಿಂದ ಮಾಡಿದವು. ಇದಕ್ಕೆ ಒಳ್ಳೆಯ ಉದಾಹರಣೆ ನ್ಯೂಯಾರ್ಕಿನ 'ಕೋಚ್' ಚೀಲಗಳು. ಎಪ್ಪತ್ತು, ಎಂಬತ್ತರ ದಶಕದ ಕೋಚ್ ಚೀಲಗಳನ್ನು ಹುಡುಕಿ ಕೊಂಡು, ತೊಳೆದು, ಎಣ್ಣೆ ಕುಡಿಸಿ ಮತ್ತೆ ಹೆಗಲಿಗೇರಿಸುವವರು ಅಮೆರಿಕದಲ್ಲಿ ಇಂದು ಬಹಳ ಮಂದಿ ಇದ್ದಾರೆ. ಅವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ: ಬಣ್ಣ ಬಿಡುವುದನ್ನು ನಿಲ್ಲಿಸುವುದು ಹೇಗೆ?

ಕಥೆ ಆರಂಭವಾಗುವುದು 1941ರಲ್ಲಿ, ಮ್ಯಾನ್‌ಹಟನ್ನಿನ ಒಂದು ಮಾಳಿಗೆಯ ಕಾರ್ಖಾನೆಯಲ್ಲಿ. ಬೆರಳೆಣಿಕೆಯ ಚರ್ಮಗೆಲಸಗಾರರು ಅಲ್ಲಿ ಗಂಡಸರ ಪರ್ಸುಗಳನ್ನು ಹೊಲಿಯುತ್ತಿದ್ದರು. ಮೈಲ್ಸ್ ಕಾನ್ ಮತ್ತು ಲಿಲಿಯನ್ ಕಾನ್ ದಂಪತಿ 1946ರಲ್ಲಿ ಈ ಕಾರ್ಖಾನೆಗೆ ಸೇರಿ, 1961ರಲ್ಲಿ ಅದನ್ನು ಕೊಂಡುಕೊಂಡರು. ಬೇಸ್‌ಬಾಲ್ ಆಟಗಾರರ ಕೈಗವಸನ್ನು ಗಮನಿಸಿದ ಮೈಲ್ಸ್‌ಗೆ ಅದರಲ್ಲೊಂದು ವಿಶೇಷ ಕಂಡಿತು. ಹೊಸದರಲ್ಲಿ ಬಿರುಸಾಗಿರುವ ಆ ಚರ್ಮ ಬಳಸಿದಷ್ಟೂ ಮೆತ್ತಗಾಗುತ್ತದೆ, ಅದರ ಬಣ್ಣ ಆಳವಾಗುತ್ತದೆ. ಅಂಥದೇ ಚರ್ಮವನ್ನು ಇನ್ನಷ್ಟು ಮೃದುವಾಗಿ, ಬಣ್ಣ ಚೆನ್ನಾಗಿ ಹಿಡಿಯುವಂತೆ ಹದಮಾಡುವ ಬಗೆಯನ್ನು ಅವರು ರೂಢಿಸಿದರು. ಹೆಂಗಸರ ಕೈಚೀಲ ಮಾಡೋಣ ಎಂದು ಸೂಚಿಸಿದವರು ಲಿಲಿಯನ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಆಕೆ, ಮನೆಯವರು ಮಾಡುತ್ತಿದ್ದ ಶಾವಿಗೆಯಂಥ ನೂಡಲ್ಸನ್ನು ಚಿಕ್ಕಂದಿನಲ್ಲಿ ಕಾಗದದ ಚೀಲಗಳಲ್ಲಿ ಹೊತ್ತು ಗಿರಾಕಿಗಳಿಗೆ ತಲುಪಿಸುತ್ತಿದ್ದರು. ಕೋಚ್‌ನ ಹೆಸರಾಂತ ಚೀಲವೊಂದರ ಆಕಾರ ಆ ಕಾಗದದ ಚೀಲದ್ದೇ.

1962ರಲ್ಲಿ ವಿನ್ಯಾಸಕಿ ಬಾನಿ ಕ್ಯಾಶಿನ್ ಬಂದರು. ತಮ್ಮ ಕಾರಿನ ಮಡಚುವ ಮೇಲ್ಛಾವಣಿಯನ್ನು ಹಿಡಿದಿಡುವ ಹಿತ್ತಾಳೆ ತಿರುಗುಗುಂಡಿಯನ್ನು ಚೀಲದ ಬಾಯಿಗೆ ತಂದವರು ಇವರು. ಕ್ಯಾಶಿನ್ ತಮ್ಮ ಚೀಲಗಳಿಗೆ ಪಟ್ಟೆಪಟ್ಟೆಯ ಹತ್ತಿ ಬಟ್ಟೆಯ ಅಸ್ತರು ಹಾಕಿಸುತ್ತಿದ್ದರು. ಅಸ್ತರು ಎಂದರೆ ದರ್ಜಿಗಳು ಈಗ ಲೈನಿಂಗ್ ಎನ್ನುವುದು. 1974ರಲ್ಲಿ ಅವರು ಅಲ್ಲಿಂದ ಹೊರಟ ಮೇಲೆ ಕೋಚ್‌ನ ಗುರುತಾಗಿ ನಿಂತದ್ದು ಅಸ್ತರೇ ಇಲ್ಲದ ಸರಳ ಚೀಲ. ಒಳಗೆ ಕೈಯಿಟ್ಟರೆ ತಾಗುವುದು ಚರ್ಮದ ನಯವಾದ ನವಿರು. ಆ ಒಳಮೈಗೆ ಹೊಲಿದ ಚರ್ಮದ ತುಂಡಿನ ಮೇಲೆ ಒಂದು ಸಂಖ್ಯೆ ಮತ್ತು ನಾಲ್ಕಾರು ಸಾಲಿನ ಒಕ್ಕಣೆ ಒತ್ತಿರುತ್ತಿತ್ತು. ಚರ್ಮದ ಮೇಲಿನ ಗಾಯದ ಕಲೆ, ನರದ ಗುರುತು, ಸುಕ್ಕುಗಳೆಲ್ಲ ಸಹಜ ಎಂಬುದು ಅದರ ಸಾರ.

ಅಸ್ತರು ಬರಿಯ ಅಲಂಕಾರವಲ್ಲ. ಅದು ಬಹಳಷ್ಟನ್ನು ಮುಚ್ಚುತ್ತದೆ. ಚರ್ಮಕ್ಕೆ ಎರಡು ಮುಖ: ಕೂದಲಿದ್ದ ಹೊರಮೈ ಒಂದು, ಮಾಂಸಕ್ಕೆ ಅಂಟಿದ್ದ ಒಳಮೈ ಇನ್ನೊಂದು. ಹೊರಮೈಯ ನಾರುಗಳು ಬಿಗಿಯಾಗಿ ನೇಯ್ದಂತಿರುತ್ತವೆ. ಒಳಮೈಯಲ್ಲಿ ಅವು ಸಡಿಲ, ಉಜ್ಜಿದರೆ ಜೂಲು ಏಳುತ್ತದೆ. ಅಸ್ತರು ಹಾಕುವುದಾದರೆ ತೆಳುವಾಗಿ ಸೀಳಿದ ಚರ್ಮ ಸಾಕು. ಹಿಂದೆ ರಟ್ಟು ಕೊಟ್ಟು, ಮೇಲೆ ಬಣ್ಣದ ಲೇಪ ಹೊಡೆದು, ಒಳಗೆ ಬಟ್ಟೆ ಹೊಲಿದರೆ ಚೀಲ ಸಿದ್ಧ. ಹಿಂಬದಿಗೆ ಬಣ್ಣ ಹತ್ತಿದೆಯೋ ಇಲ್ಲವೋ ಯಾರು ನೋಡುತ್ತಾರೆ? ಅಸ್ತರಿಲ್ಲದ ಚೀಲಕ್ಕೆ ಈ ಅನುಕೂಲವಿಲ್ಲ. ಆಕಾರ ಕೊಡುವುದೂ ಚರ್ಮ, ಒಳಗೆ ಕಾಣುವುದೂ ಚರ್ಮ, ಕತ್ತರಿಸಿದ ಅಂಚಿನಲ್ಲಿ ಕಾಣುವುದೂ ಚರ್ಮದ ಒಡಲೇ. ಹಾಗಾಗಿ ಬಣ್ಣ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಇಳಿಯಲೇಬೇಕು. ಎಡವಟ್ಟು ಹುಟ್ಟುವುದು ಇಲ್ಲೇ.

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ, ಡಾಂಬರಿನಿಂದ ಬಂದ ಅನಿಲೀನ್‌ನಿಂದ ನೇರಳೆ ಬಣ್ಣವನ್ನು ಕಂಡುಹಿಡಿದ. ಆ ವಂಶದ ಬಣ್ಣಗಳು ಬೇಗ ಚರ್ಮದ ಕೆಲಸಕ್ಕೂ ಬಂದವು. 1884ರಲ್ಲಿ ನ್ಯೂಯಾರ್ಕಿನ ಅಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಚರ್ಮ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತೊಗಟೆಯ ಒಗರಿನಲ್ಲಿ ಹದಗೊಂಡ ಚರ್ಮಕ್ಕಿಂತ ಕ್ರೋಮ್ ಚರ್ಮ ಈ ಹೊಸ ಬಣ್ಣಗಳನ್ನು ಬಲವಾಗಿ ಹಿಡಿಯುತ್ತದೆ. ಕ್ರೋಮ್ ಚರ್ಮದ ನಾರಿನ ಮೇಲೆ ಧನ ವಿದ್ಯುದಂಶವಿರುತ್ತದೆ, ಬಣ್ಣದ ಕಣದ ಮೇಲೆ ಋಣ ವಿದ್ಯುದಂಶ. ಎರಡೂ ಸೆಳೆದು ಕೂಡಿಕೊಳ್ಳುತ್ತವೆ.

ಆದರೆ ಸೆಳೆತ ಬಲವಾದರೆ ಬಣ್ಣ ಮೇಲ್ಮೈಯಲ್ಲೇ ಕಚ್ಚಿಕೊಂಡು ಒಳಗೆ ಇಳಿಯುವುದಿಲ್ಲ. ತಿರುಗುವ ಪೀಪಾಯಿಯಲ್ಲಿ ಚರ್ಮವನ್ನೂ ಬಣ್ಣದ ನೀರನ್ನೂ ಹಾಕಿದ ಕೆಲಸಗಾರ ಮೊದಲು ಆ ನೀರಿನ ಹುಳಿ ತಗ್ಗಿಸುತ್ತಾನೆ. ಸೆಳೆತ ಸಡಿಲವಾಗಿ ಬಣ್ಣ ಒಡಲಿನವರೆಗೆ ನಡೆದುಹೋಗುತ್ತದೆ. ಆಮೇಲೆ ಫಾರ್ಮಿಕ್ ಆಮ್ಲ ಸುರಿದು ಹುಳಿ ಏರಿಸಿ, ಬಣ್ಣವನ್ನು ಇದ್ದಲ್ಲೇ ಹಿಡಿಸುತ್ತಾನೆ. ಪೂರ್ತಿ ಒಳಗೆ ಇಳಿಸಬೇಕಾದರೆ ಬಣ್ಣವೂ ಹೆಚ್ಚು ಬೇಕು. ಅಷ್ಟೂ ಕಣಗಳಿಗೆ ನಾರಿನಲ್ಲಿ ಆಸರೆ ಸಿಕ್ಕುವುದಿಲ್ಲ. ಉಳಿದದ್ದು ತೊಳೆದಷ್ಟು ಹೋಗುತ್ತದೆ, ಕೊನೆಗೂ ಒಂದಿಷ್ಟು ಸಡಿಲವಾಗಿ ನಿಂತೇ ಇರುತ್ತದೆ. ಕಡುಕೆಂಪು, ಕಡುನೀಲಿ, ಕಪ್ಪು ಬಣ್ಣಗಳಲ್ಲಿ ಇದು ಹೆಚ್ಚು. ಅದರ ಜೊತೆಗೆ, ಒಳಮೈಯನ್ನು ನವಿರುಗೊಳಿಸಲು ಉಜ್ಜಿದಾಗ ಎದ್ದ ಬಣ್ಣದ ಪುಡಿ ಜೂಲಿನ ನಡುವೆ ಸಿಕ್ಕಿಕೊಂಡಿರುತ್ತದೆ. ಹೊರಗೆ ದಪ್ಪ ಲೇಪವಿಲ್ಲ, ಒಳಗೆ ಅಸ್ತರಿಲ್ಲ. ಒಣಗಿದ ಕೈ ತಾಗಿದರೆ ಪುಡಿ ಬರುತ್ತದೆ, ಬೆವರಿದ ಕೈ ತಾಗಿದರೆ ಬಣ್ಣವೇ ಕರಗಿ ಬರುತ್ತದೆ. ಹೊಸ ಕೆಂಪು ಸೀರೆಯನ್ನು ಬೇರೆ ಬಟ್ಟೆಯೊಡನೆ ನೆನೆಹಾಕಬಾರದೆಂದು ಮನೆಯಲ್ಲಿ ಹಿರಿಯರು ಹೇಳುವ ಬುದ್ಧಿವಾದದ ಹಿಂದಿರುವುದೂ ಹೀಗೆ ಸಡಿಲ ಉಳಿದ ಬಣ್ಣವೇ.

ಎದುರು ದಿಕ್ಕಿನ ಪ್ರಯಾಣವೂ ಉಂಟು. ಜೀನ್ಸ್ ಪ್ಯಾಂಟಿಗೆ ಒರಗಿದ ತಿಳಿ ಕಂದು ಚೀಲದ ಬೆನ್ನು ಕೆಲವೇ ತಿಂಗಳಲ್ಲಿ ನೀಲಿಗಟ್ಟುತ್ತದೆ. ನೀಲಿ ಅಂದರೆ ಇಂಡಿಗೊ ನೀರಿನಲ್ಲಿ ಕರಗದ ಬಣ್ಣ. ಕ್ಷಾರದ ತೊಟ್ಟಿಯಲ್ಲಿ ಅದರ ಆಮ್ಲಜನಕ ಕಸಿದು ಕರಗುವಂತೆ ಮಾಡಿ, ನೂಲನ್ನು ಅದ್ದಿ ಗಾಳಿಗೆ ಹಿಡಿದರೆ ಮತ್ತೆ ನೀಲಿಯಾಗಿ ನೂಲಿನ ಮೇಲೆ ಕೂರುತ್ತದೆ. ಜೀನ್ಸ್ ನೂಲಿನಲ್ಲಿ ಅದು ಹೊರಸುತ್ತಿನಲ್ಲಷ್ಟೇ ಇರುತ್ತದೆ, ನಡುವೆ ಬಿಳಿ. ಜೀನ್ಸ್ ಸವೆದು ಬೆಳ್ಳಗಾಗುವುದು ಅದಕ್ಕೇ. ಸವೆದ ನೀಲಿ ಎಲ್ಲಿಗಾದರೂ ಹೋಗಬೇಕಲ್ಲ. ಲೇಪವಿಲ್ಲದ, ಎಣ್ಣೆಯಂಶವಿರುವ ಚರ್ಮ ಅದನ್ನು ಕುಡಿಯುತ್ತದೆ. ಒಮ್ಮೆ ಒಳಗಿಳಿದ ನೀಲಿಯನ್ನು ಚರ್ಮಕ್ಕೆ ಪೆಟ್ಟಾಗದಂತೆ ತೆಗೆಯುವುದು ಹೆಚ್ಚುಕಡಿಮೆ ಆಗದ ಕೆಲಸ. ಬಿಹಾರದ ಚಂಪಾರಣ್ಯದ ರೈತರನ್ನು ಗೋಳಾಡಿಸಿ, 1917ರಲ್ಲಿ ಗಾಂಧೀಜಿಯನ್ನು ಅಲ್ಲಿಗೆ ಕರೆಸಿದ್ದು ಇದೇ ನೀಲಿ. ಆದರೆ ಅಷ್ಟರಲ್ಲಾಗಲೇ ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಕೃತಕ ನೀಲಿ 1897ರಲ್ಲಿ ಪೇಟೆಗೆ ಬಂದು ಗಿಡದ ನೀಲಿಯ ಬೇಡಿಕೆಯನ್ನು ಮುರಿದಿತ್ತು. ಈಗಿನ ಜೀನ್ಸಿನಲ್ಲಿರುವುದು ಬಹುಮಟ್ಟಿಗೆ ಆ ಕೃತಕ ನೀಲಿಯೇ.

ಚರ್ಮದಿಂದ ಬರುವ ಪುಡಿಯೆಲ್ಲ ಬಣ್ಣವೇ ಎಂದುಕೊಳ್ಳಬಾರದು. ಹಳೆಯ ಗ್ರಂಥಾಲಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಚರ್ಮದ ರಟ್ಟಿನ ಪುಸ್ತಕ ಹಿಡಿದವರ ಅಂಗೈಗೆ ಇಟ್ಟಿಗೆ ಕೆಂಪಿನ ಹುಡಿ ಮೆತ್ತುತ್ತದೆ. ಅದು ಬಣ್ಣ ಬಿಡುವುದಲ್ಲ, ಚರ್ಮವೇ ಸಾಯುವುದು. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ 1900ರಲ್ಲಿ ಸಮಿತಿಯೊಂದನ್ನು ನೇಮಿಸಿ ಇದರ ಕಾರಣ ಹುಡುಕಿಸಿತು. ದೀಪದ ಅನಿಲದ ಹೊಗೆಯಲ್ಲಿದ್ದ ಗಂಧಕದ ಆಮ್ಲ ಒಂದು ಕಾರಣವಾದರೆ, ಕೆಲವು ಜಾತಿಯ ತೊಗಟೆಯ ಒಗರು ಇನ್ನೊಂದು. ಅತಿ ಬೇಗ ಹುಡಿಯಾಗುವ ಚರ್ಮಗಳ ಸಾಲಿನಲ್ಲಿ ಇದ್ದದ್ದು ಭಾರತದಿಂದ ಹೋದ 'ಈಸ್ಟ್ ಇಂಡಿಯಾ' ಚರ್ಮ. ಅದನ್ನು ಹದಮಾಡುತ್ತಿದ್ದುದು ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಅಥವಾ ಆವರಿಕೆ ಗಿಡದ ತೊಗಟೆಯಿಂದ. ಚಪ್ಪಲಿಗೆ, ನೀರಿನ ಚೀಲಕ್ಕೆ ಒಳ್ಳೆಯದಾದ ತೊಗಟೆ ಲಂಡನ್ನಿನ ಹೊಗೆಯಲ್ಲಿ ಶತಮಾನ ಬಾಳಬೇಕಾದ ಪುಸ್ತಕಕ್ಕೆ ಆಗಿಬರಲಿಲ್ಲ. ತಪ್ಪು ತೊಗಟೆಯದೋ ಹೊಗೆಯದೋ! ಕೈಚೀಲ ಕೊಳ್ಳುವವರಿಗೆ ಇಲ್ಲಿ ಬೇಕಾದ ಮಾತು ಇಷ್ಟೇ: ಉಜ್ಜಿದಾಗ ಬಣ್ಣ ಬಂದು ಚರ್ಮ ಗಟ್ಟಿಯಾಗಿದ್ದರೆ ಚೀಲ ಬದುಕುತ್ತದೆ, ಚರ್ಮವೇ ಹುಡಿಯಾಗಿ ಉದುರುತ್ತಿದ್ದರೆ ಅದಕ್ಕೆ ಮದ್ದಿಲ್ಲ.

ಕೈಗೆ ಹತ್ತುವ ಬಣ್ಣ ಮೈಗೆ ಏನು ಮಾಡುತ್ತದೆ ಎಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಅದನ್ನು ಮೊದಲು ಅನುಭವಿಸಿದವರು ಚೀಲ ಹೊತ್ತವರಲ್ಲ, ಬಣ್ಣ ಬೇಯಿಸಿದವರು. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಾಣುತ್ತಿರುವುದನ್ನು ವರದಿ ಮಾಡಿದರು. ಬೆಂಜಿಡಿನ್‌ನಂಥ ಕೆಲವು ವಸ್ತುಗಳು ಇದಕ್ಕೆ ಕಾರಣವೆಂಬುದು ಮುಂದೆ ಖಚಿತವಾಯಿತು. ಆದರೂ ಅವುಗಳಿಂದ ತಯಾರಾದ ಆಜೊ ಬಣ್ಣಗಳು ದಶಕಗಟ್ಟಲೆ ಬಟ್ಟೆಗೂ ಚರ್ಮಕ್ಕೂ ಬೀಳುತ್ತಲೇ ಇದ್ದವು. ಅಗ್ಗದ, ಒಳ್ಳೆಯ ಕಪ್ಪು ಬಣ್ಣ ಬೇಕೆಂದರೆ ಅವೇ ಕೈಗೆ ಸಿಗುತ್ತಿದ್ದವು. 1994ರಲ್ಲಿ ಜರ್ಮನಿ ಇಂಥ ಬಣ್ಣಗಳನ್ನು ನಿಷೇಧಿಸಿದಾಗ ಆ ಏಟು ನೇರವಾಗಿ ಬಿದ್ದದ್ದು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಹದಗಾರಿಕೆಯ ಮೇಲೆ. ಜರ್ಮನಿ ಅವರ ದೊಡ್ಡ ಗಿರಾಕಿಯಾಗಿತ್ತು. ಭಾರತ ಸರ್ಕಾರವೂ 1993ರಲ್ಲಿ ಬೆಂಜಿಡಿನ್ ಮೂಲದ ಬಣ್ಣಗಳನ್ನೂ, 1997ರಲ್ಲಿ ಇನ್ನೂ ಹಲವು ಆಜೊ ಬಣ್ಣಗಳನ್ನೂ ನಿಷೇಧಿಸಿತು. ಯೂರೋಪಿನ ಒಕ್ಕೂಟ 2002ರಲ್ಲಿ ಇಡೀ ಒಕ್ಕೂಟಕ್ಕೆ ಅನ್ವಯಿಸುವ ನಿಯಮ ತಂದಾಗ, ಮೈಗೆ ತಾಗುವ ವಸ್ತುಗಳ ಪಟ್ಟಿಯಲ್ಲಿ ಕೈಗವಸು, ಗಡಿಯಾರದ ಪಟ್ಟಿ, ಪರ್ಸುಗಳ ಜೊತೆಗೆ ಕೈಚೀಲದ ಹೆಸರನ್ನೂ ಬರೆಯಿತು. ಹಳೆಯ ಚೀಲಕ್ಕೆ ಯಾವ ಬಣ್ಣ ಬಿದ್ದಿದೆ ಎಂದು ಕಣ್ಣಳತೆಯಿಂದ ಹೇಳಲಾಗದು. ಹಣ್ಣು ತಿಂಡಿಗಳನ್ನು ಪೊಟ್ಟಣವಿಲ್ಲದೆ ಅದರೊಳಗೆ ಹಾಕದಿರುವುದು, ಬಣ್ಣ ಹತ್ತಿದ ಕೈಯನ್ನು ತೊಳೆದುಕೊಳ್ಳುವುದು ಒಳ್ಳೆಯದು.

ಇನ್ನು ಉಪಾಯಗಳು. ಮೊದಲು ಪರೀಕ್ಷೆ. ಪ್ರಯೋಗಾಲಯಗಳಲ್ಲಿ ಚರ್ಮದ ಮೇಲೆ ಬಿಳಿ ಉಣ್ಣೆಯ ಬಿಲ್ಲೆಯನ್ನು ಗೊತ್ತಾದ ಭಾರದಲ್ಲಿ ಒಣಗಿಸಿಯೂ ಒದ್ದೆ ಮಾಡಿಯೂ ಉಜ್ಜಿ, ಹತ್ತಿದ ಬಣ್ಣಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಮನೆಯಲ್ಲಿ ಬಿಳಿ ಹತ್ತಿಯ ಚಿಂದಿಯೇ ಸಾಕು. ಒಣ ಚಿಂದಿಗೆ ಮಾತ್ರ ಬಣ್ಣ ಬಂದರೆ ಅದು ಒಳಗಿನ ಪುಡಿ. ಚೀಲವನ್ನು ಬೋರಲು ಹಾಕಿ ತಟ್ಟಿ, ಮೆತ್ತನೆಯ ಬ್ರಷ್ಷಿನಿಂದ ಮತ್ತೆ ಮತ್ತೆ ಗುಡಿಸಿದರೆ ತಗ್ಗುತ್ತದೆ. ಒದ್ದೆ ಚಿಂದಿಗೂ ಬಂದರೆ ಕರಗುವ ಬಣ್ಣ ಉಳಿದಿದೆ ಎಂದರ್ಥ.

ಹಳೆಯ ಕೋಚ್ ಚೀಲಗಳ ಅಭಿಮಾನಿಗಳು ಅವನ್ನು ಬಕೆಟ್ ನೀರಿನಲ್ಲೇ ಮುಳುಗಿಸಿ, ಪಾತ್ರೆ ತೊಳೆಯುವ ಸೌಮ್ಯ ದ್ರವ ಹಾಕಿ ತೊಳೆಯುತ್ತಾರೆ. ನೋಡುವವರ ಎದೆ ಧಸಕ್ಕೆನ್ನುತ್ತದೆ, ಆದರೂ ಲೇಪವಿಲ್ಲದ, ರಟ್ಟಿಲ್ಲದ ಆ ಗಟ್ಟಿ ಚರ್ಮ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕೆಂಪು ಚೀಲದ ನೀರು ಕುಂಕುಮದ ನೀರಿನಂತಾಗುತ್ತದೆ. ಆದರೆ ನೀರು ಬಣ್ಣದ ಜೊತೆಗೆ ಚರ್ಮದ ಎಣ್ಣೆಯನ್ನೂ ಒಯ್ಯುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿ ಎಣ್ಣೆ ಕುಡಿಸದಿದ್ದರೆ ಚೀಲ ಹಪ್ಪಳದಂತಾಗುತ್ತದೆ. ಬಣ್ಣ ಕೆಲವೆಡೆ ಹೋಗಿ ಕೆಲವೆಡೆ ಉಳಿದು ಮೋಡ ಕಟ್ಟುವ ಅಪಾಯವೂ ಇದೆ. ತೊಗಟೆಯಲ್ಲಿ ಹದಗೊಂಡ ಚರ್ಮಕ್ಕಂತೂ ಈ ಸ್ನಾನ ಬೇಡವೇ ಬೇಡ. ಅದು ಕಪ್ಪಗಾಗಿ ಸೆಟೆಯುತ್ತದೆ. ವಸ್ತುಸಂಗ್ರಹಾಲಯದವರು ಯಾವ ಚರ್ಮವನ್ನೂ ಹೀಗೆ ಸುಲಭವಾಗಿ ನೀರಿಗಿಳಿಸುವುದಿಲ್ಲ.

ಇನ್ನು ಕೆಲವರು ಒಳಗೆ ಬಣ್ಣ ತಡೆಯುವ ಲೇಪ ಬಳಿಯುತ್ತಾರೆ, ಇಲ್ಲವೇ ಹೊಸದಾಗಿ ಅಸ್ತರು ಹೊಲಿಸುತ್ತಾರೆ. ಕೆಲಸ ಆಗುತ್ತದೆ ನಿಜ. ಆದರೆ ಲೇಪ ನವಿರನ್ನು ಕೊಲ್ಲುತ್ತದೆ, ಅಸ್ತರು ಆ ಸಂಖ್ಯೆ, ಒಕ್ಕಣೆಗಳನ್ನು ಮುಚ್ಚಿಬಿಡುತ್ತದೆ. ಚೀಲದ ವಯಸ್ಸನ್ನು ಅಂದಾಜು ಮಾಡಲು ಸಂಗ್ರಾಹಕರು ನೋಡುವುದೇ ಅದನ್ನು. ಹೊಲಿಯದೆ, ಬೇಕಾದಾಗ ತೆಗೆದಿಡಬಹುದಾದ ಬಟ್ಟೆಯ ಒಳಚೀಲ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಿರಪಾಯ.

ಕಾನ್ ದಂಪತಿ 1985ರಲ್ಲಿ ಕಂಪನಿಯನ್ನು ಸಾರಾ ಲೀ ಸಂಸ್ಥೆಗೆ ಮಾರಿ, ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಆಡು ಸಾಕಿ ಚೀಸ್ ಮಾಡತೊಡಗಿದರು. ಲಿಲಿಯನ್ 2013ರಲ್ಲಿ, ಮೈಲ್ಸ್ 2017ರಲ್ಲಿ ತೀರಿಕೊಂಡರು. ಕಂಪನಿ ಕೈಬದಲಾದ ನಂತರದ ವರ್ಷಗಳಲ್ಲಿ ಚೀಲಗಳ ತಯಾರಿಕೆ ಬೇರೆ ದೇಶಗಳಿಗೆ ಹೋಯಿತು, ಬಹಳಷ್ಟು ಮಾದರಿಗಳಿಗೆ ಅಸ್ತರು ಬಂತು. ನ್ಯೂಯಾರ್ಕಿನಲ್ಲಿ ಹೊಲಿದ ಹಳೆಯ ಚೀಲಗಳಿಗೆ ಬೆಲೆ ಏರಿದ್ದು ಅದರಿಂದಲೂ ಹೌದು.

ಅಂಥ ಚೀಲ ಇರುವವರು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಬಾರದು. ಮೆತ್ತನೆಯ ಪಿವಿಸಿಯಲ್ಲಿರುವ ಎಣ್ಣೆಯಂಥ ವಸ್ತು ಚರ್ಮದ ಬಣ್ಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕೆಂಪು ಚೀಲಕ್ಕೆ ತಾಗಿಸಿ ಬಿಳಿ ಚೀಲವನ್ನೂ ಇಡಬಾರದು. ಬಣ್ಣವಿಲ್ಲದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಳಗೆ ಬಿಳಿ ಕಾಗದ ತುರುಕಿ, ಗಾಳಿಯಾಡುವ ಕಪಾಟಿನಲ್ಲಿಡಬೇಕು. ಮುದ್ರಿತ ಪತ್ರಿಕೆ ಮಾತ್ರ ಬೇಡ, ಅದರ ಮಸಿ ಕೂಡ ಚರ್ಮಕ್ಕೆ ಹತ್ತುತ್ತದೆ.