‘ಎಸ್ಕೇಪ್’ ಎಂಬ ಮಾತಿನ ಪೂರ್ವೋತ್ತರ

ಮಕ್ಕಳ ಇಂಗ್ಲಿಷು ಪುಸ್ತಕಗಳನ್ನು ತಿದ್ದುವಾಗ ನಾವು ಪ್ರತಿವರ್ಷವೂ ಕಾಣುವ ತಪ್ಪೊಂದುಂಟು. ‘ಕಳ್ಳನು ಸೆರೆಮನೆಯಿಂದ ತಪ್ಪಿಸಿಕೊಂಡನು’ ಎಂಬುದಕ್ಕೆ ‘ಎಸ್ಕೇಪ್ಡ್ ಫ್ರಮ್’ ಎಂದು ಬರೆಯುವ ಹುಡುಗನು ‘ಶಿಕ್ಷೆಯಿಂದ ತಪ್ಪಿಸಿಕೊಂಡನು’ ಎಂಬಲ್ಲಿಯೂ ಅದೇ ‘ಫ್ರಮ್’ ಸೇರಿಸುತ್ತಾನೆ. ಮೊದಲನೆಯದು ಸರಿ, ಎರಡನೆಯದು ತಪ್ಪು. ಕೆಂಪು ಶಾಯಿಯಿಂದ ಗೀಟೆಳೆದು ಮುಂದಕ್ಕೆ ಸಾಗುವುದು ಸುಲಭ. ಏಕೆಂದು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಕಳೆದ ವರ್ಷ ಹುಡುಗಿಯೊಬ್ಬಳು ಹಾಗೆ ಕೇಳಿಯೇಬಿಟ್ಟಳು. ಅಷ್ಟರಲ್ಲಿ ಗಂಟೆ ಹೊಡೆದುದರಿಂದ ನಾವು ಪಾರಾದೆವು. ಆ ಸಾಲವನ್ನು ತೀರಿಸುವ ಸಲುವಾಗಿ ನಿಘಂಟನ್ನು ತೆರೆದವರಿಗೆ ಒಂದು ಇತಿಹಾಸವೇ ದೊರೆಯಿತು.

ಈ ಪದವು ಇಂಗ್ಲಿಷಿನಲ್ಲಿಯೇ ಹುಟ್ಟಿದುದಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚು ನೆಲೆಗೊಂಡಿತು. ಆ ನಾರ್ಮನರ ಫ್ರೆಂಚಿನಿಂದ ಸುಮಾರು 1300ರ ಹೊತ್ತಿಗೆ ಇದು ಇಂಗ್ಲಿಷಿಗೆ ಬಂದಿತು. ಇದರ ಮೂಲವು ಜನಬಳಕೆಯ ಲ್ಯಾಟಿನಿನಲ್ಲಿದೆಯೆಂದು ಶಬ್ದಶಾಸ್ತ್ರಜ್ಞರ ಮತ. ‘ಎಕ್ಸ್’ ಎಂದರೆ ಹೊರಗೆ, ‘ಕಪ್ಪ’ ಎಂದರೆ ಮೇಲಂಗಿ. ಹಿಡಿದವನ ಕೈಯಲ್ಲಿ ಮೇಲಂಗಿಯನ್ನು ಬಿಟ್ಟು ತಾನು ನುಣುಚಿ ಓಡುವುದೇ ಈ ಮಾತಿನ ಮೂಲಚಿತ್ರ. ನಮ್ಮ ಸಾಮಂತರು ಒಪ್ಪಿಸುತ್ತಿದ್ದ ಕಪ್ಪಕ್ಕೂ ಇದಕ್ಕೂ ನಂಟಿಲ್ಲ. ಆದರೂ ಬಿಟ್ಟುಹೋದ ಅಂಗಿಯು ಹಿಡಿದವನಿಗೆ ಸಂದ ಕಪ್ಪವೆಂದು ವಾಚಕರು ವಿನೋದಕ್ಕಾಗಿ ಭಾವಿಸಬಹುದು.

ನಮ್ಮ ಮಾತುಗಳ ಚಿತ್ರಗಳು ಬೇರೆ. ಪಾರಾಗುವುದೆಂದರೆ ಆಚೆಯ ದಡವನ್ನು ಸೇರುವುದು. ಅಲ್ಲಿ ಹೊಳೆಯುಂಟು, ದೋಣಿಯುಂಟು. ‘ಪರಾರಿ’ಯು ಅರಬ್ಬಿಯಿಂದ ಹೊರಟು ಹಿಂದೂಸ್ಥಾನಿಯ ದಾರಿಯಾಗಿ ನಮ್ಮ ಕಚೇರಿಗಳನ್ನು ಹೊಕ್ಕಿತು. ಕಾಸರಗೋಡಿನ ನಮ್ಮ ಮಕ್ಕಳು ಆಟದ ಬಯಲಿನಲ್ಲಿ ಕೇಳುವ ಮಲಯಾಳದ ‘ರಕ್ಷಪ್ಪೆಡು’ ಎಂಬುದರಲ್ಲಿ ಓಟವೇ ಇಲ್ಲ, ರಕ್ಷಣೆಯೊಂದೇ ಇದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಒಮ್ಮೆ ಒಳಗೆ ಸಿಕ್ಕಿಬಿದ್ದವನು ಹೊರಬಂದರೆ ‘ಫ್ರಮ್’ ಬೇಕು. ಆಪತ್ತು ಮೈಗೆ ತಾಗದೆ ಪಕ್ಕದಲ್ಲಿಯೇ ಸರಿದುಹೋದರೆ ಬೇಡ. ಸೆರೆಮನೆಯೊಳಗೆ ಕಳ್ಳನು ಇದ್ದನು. ಶಿಕ್ಷೆಯೊಳಗೆ ಅವನು ಸಿಕ್ಕಲೇ ಇಲ್ಲ. ಕನ್ನಡದ ‘ಇಂದ’ ಪ್ರತ್ಯಯವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ನಮ್ಮ ಮಕ್ಕಳು ಎಡವುತ್ತಾರೆ. ಅದು ಅವರ ದಡ್ಡತನವಲ್ಲ. ಮರೆತ ಹೆಸರಿನ ವಿಷಯದಲ್ಲಂತೂ ಇಂಗ್ಲಿಷು ವಾಕ್ಯವನ್ನೇ ತಿರುಗಿಸಿಬಿಡುತ್ತದೆ: ಅಲ್ಲಿ ತಪ್ಪಿಸಿಕೊಳ್ಳುವುದು ಹೆಸರು, ಕೈಬರಿದಾಗಿ ನಿಲ್ಲುವವನು ಮನುಷ್ಯ. ಇಂಗ್ಲೆಂಡಿನ ನ್ಯಾಯಶಾಸ್ತ್ರದಲ್ಲಿ ಕೈದಿಯನ್ನು ಅಜಾಗ್ರತೆಯಿಂದ ಹೋಗಗೊಟ್ಟ ಕಾವಲುಗಾರನ ಅಪರಾಧಕ್ಕೂ ಇದೇ ಹೆಸರಿತ್ತು. ಗಡಿಯಾರದಲ್ಲಿ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬಿಟ್ಟುಕೊಡುವ ಅಂಗಕ್ಕೂ, ಭೂಮಿಯ ಸೆಳೆತವನ್ನು ಮೀರಲು ಬೇಕಾದ ಸೆಕೆಂಡಿಗೆ 11.2 ಕಿಲೋಮೀಟರಿನ ವೇಗಕ್ಕೂ ಇದರಿಂದಲೇ ಹೆಸರಾಯಿತು.

ಆದರೆ ಈ ಪದದ ಸಂತಾನದಲ್ಲಿ ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸಿದುದು ‘ಸ್ಕೇಪ್‌ಗೋಟ್’. ಯೆಹೂದ್ಯರ ಪ್ರಾಯಶ್ಚಿತ್ತದ ದಿನದಂದು ಎರಡು ಆಡುಗಳನ್ನು ತಂದು, ಒಂದನ್ನು ಬಲಿಯಿತ್ತು, ಇನ್ನೊಂದರ ತಲೆಯ ಮೇಲೆ ಜನರ ಪಾಪಗಳನ್ನೆಲ್ಲ ಹೊರಿಸಿ ಅಡವಿಗೆ ಬಿಡುತ್ತಿದ್ದರೆಂದು ಬೈಬಲಿನ ಯಾಜಕಕಾಂಡದಲ್ಲಿದೆ. ಅಲ್ಲಿಯ ‘ಅಜಾಜೇಲ್’ ಎಂಬ ಹೀಬ್ರೂ ಮಾತನ್ನು, ತಪ್ಪಿಸಿಕೊಂಡು ಹೋಗುವ ಆಡು ಎಂದು ಅರ್ಥೈಸಿ 1530ರಲ್ಲಿ ಈ ಇಂಗ್ಲಿಷು ಪದವನ್ನು ಕಟ್ಟಿದವನು ವಿಲಿಯಮ್ ಟಿಂಡೇಲ್. 1611ರ ಭಾಷಾಂತರವು ಅದನ್ನೇ ಉಳಿಸಿಕೊಂಡಿತು. 1885ರ ಪರಿಷ್ಕರಣದಲ್ಲಿ ‘ಅಜಾಜೇಲ್’ ಎಂಬುದೇ ಮರಳಿ ಬಂದರೂ ಟಿಂಡೇಲನ ಪದವು ಆ ವೇಳೆಗೆ ಬೀದಿಯ ಮಾತಾಗಿ, ಅನ್ಯರ ತಪ್ಪನ್ನು ಹೊತ್ತವನೆಂಬ ಅರ್ಥವನ್ನು ಪಡೆದಿತ್ತು. ನಮ್ಮ ಪತ್ರಿಕೆಗಳು ಇದಕ್ಕೆ ‘ಬಲಿಪಶು’ ಎಂದು ಬರೆಯುತ್ತವೆ. ವಿಚಾರಿಸಿದರೆ ಬಲಿಯಾದುದು ಮೊದಲನೆಯ ಆಡು. ಈ ಪದ ಹೇಳುವುದು ಕತ್ತಿಯಿಂದ ಪಾರಾದ ಎರಡನೆಯದನ್ನು.

ಟಿಂಡೇಲನು ಆ ಎರಡನೆಯ ಆಡಿನಂತೆಯೇ ಊರು ಬಿಟ್ಟವನು. ಬಿಷಪರ ಅಪ್ಪಣೆಯಿಲ್ಲದೆ ಬೈಬಲನ್ನು ಇಂಗ್ಲಿಷಿಗೆ ತರುವುದು ಅಂದು ನಿಷಿದ್ಧವಾಗಿದ್ದುದರಿಂದ ಅವನು 1524ರಲ್ಲಿ ಇಂಗ್ಲೆಂಡನ್ನು ತೊರೆದನು. ಮತ್ತೆ ಅದನ್ನು ಕಾಣಲಿಲ್ಲ. ಮರುವರ್ಷ ಕಲೋನ್ ನಗರದಲ್ಲಿ ಹೊಸ ಒಡಂಬಡಿಕೆಯು ಅಚ್ಚಾಗುತ್ತಿರುವಾಗ ಅಧಿಕಾರಿಗಳಿಗೆ ಸುಳಿವು ಸಿಕ್ಕಿತು. ಅಚ್ಚಾದ ಹಾಳೆಗಳನ್ನೆತ್ತಿಕೊಂಡು ರೈನ್ ನದಿಯ ದಾರಿಯಿಂದ ಅವನು ವರ್ಮ್ಸ್ ಪಟ್ಟಣಕ್ಕೆ ಓಡಿದನು; 1526ರಲ್ಲಿ ಅಲ್ಲಿ ಗ್ರಂಥವು ಪೂರ್ಣವಾಯಿತು. ಆಗ ಪಾರಾದವನು 1535ರಲ್ಲಿ, ಆಂಟ್‌ವರ್ಪ್‌ನಲ್ಲಿ, ಸ್ನೇಹಿತನಂತೆ ನಟಿಸಿದವನೊಬ್ಬನ ದ್ರೋಹದಿಂದ ಸಿಕ್ಕಿಬಿದ್ದನು. ಮರುವರ್ಷ ಅವನ ಕೊರಳು ಬಿಗಿದು ಕೊಂದು ದೇಹವನ್ನು ಸುಟ್ಟರು.

ವಿಲ್ವೋರ್ಡ್ ಕೋಟೆಯ ಸೆರೆಯಿಂದ ಅವನು ಲ್ಯಾಟಿನಿನಲ್ಲಿ ಬರೆದ ಒಂದು ಪತ್ರ ಉಳಿದಿದೆ. ಅದರಲ್ಲಿ ಬಿಡುಗಡೆಗಾಗಿ ಅಂಗಲಾಚಿಲ್ಲ. ಚಳಿಗಾಲ ಬರುತ್ತಿದೆ, ತಲೆಗೆ ಬೆಚ್ಚನೆಯ ಟೋಪಿ ಬೇಕು. ಇರುವ ಮೇಲಂಗಿ ಬಲು ತೆಳು, ದಪ್ಪನೆಯದೊಂದು ಬೇಕು. ಕತ್ತಲಲ್ಲಿ ಒಬ್ಬನೇ ಕುಳಿತಿರುವುದು ಬೇಸರ, ಸಂಜೆಗೊಂದು ದೀಪ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅವನು ಬೇಡಿದುದು ಮೂರು ಪುಸ್ತಕಗಳನ್ನು: ಹೀಬ್ರೂ ಬೈಬಲು, ಹೀಬ್ರೂ ವ್ಯಾಕರಣ, ಹೀಬ್ರೂ ನಿಘಂಟು.