ಪುರಸಭೆಯೂ ಊರವರ ಜೀವನೋಪಾಯವೂ

ಮಲಪ್ರಭೆಯ ತೀರದ ಮುನವಳ್ಳಿಯು ಪುರಾತನವಾದ ಊರು. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ದೇವಗಿರಿಯ ಸೇವುಣರ ಕಾಲದ ಶಾಸನವುಂಟು. ಈಗ ಅಲ್ಲಿ ಪುರಸಭೆಯಿದೆ. ಊರವರ ದುಡಿಮೆಗೆ ಇಂತಹ ಸಂಸ್ಥೆಯು ಹೇಗೆ ಆಶ್ರಯವಾಗಬಲ್ಲುದೆಂಬ ಪ್ರಶ್ನೆಗೆ ಕನ್ನಡನಾಡಿನ ಇತಿಹಾಸದಲ್ಲಿಯೇ ಒಂದು ಉತ್ತರವಿದೆ.

ಪುಲಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅಲ್ಲಿಯ ಮಹಾಜನರಿಗೂ ನಗರಕ್ಕೂ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ. ಶ. 725ರಲ್ಲಿ ಆಚಾರವ್ಯವಸ್ಥೆಯನ್ನು ಶಾಸನವಾಗಿ ಕೊಟ್ಟನು. ಉತ್ತಮಸ್ಥಿತಿಯ ಮನೆಗೆ ವರ್ಷಕ್ಕೆ 10 ಪಣ. ಉಳಿದವುಗಳಿಗೆ ಸ್ಥಿತಿಗನುಸಾರವಾಗಿ ಕಡಮೆ. ರಾಜಪುರುಷರು ಪಾಲಿಸಬೇಕಾದ ಮರ್ಯಾದೆಗಳೂ ಅದರಲ್ಲಿ ಉಕ್ತವಾಗಿವೆ. ಕಂಚುಗಾರರ ಶ್ರೇಣಿಯ ಹೆಸರೂ ಬಂದಿದೆ. ತೆರಬೇಕಾದುದು ಕಲ್ಲಿನಲ್ಲಿ ನಿಂತ ಮೇಲೆ ಅಧಿಕಾರಿಯ ಮನಬಂದಂತೆ ಬೆಳೆಯದು. ಕಸುಬಿನವನು ಅದನ್ನು ನಚ್ಚಿ ನೆಲೆನಿಲ್ಲಬಹುದು.

ಸಂವಿಧಾನದ 74ನೆಯ ತಿದ್ದುಪಡಿಯು (1992) ಆರ್ಥಿಕಾಭಿವೃದ್ಧಿಯ ಯೋಜನೆಯನ್ನು ಪುರಸಭೆಗಳಿಗೆ ವಹಿಸಬಹುದಾದ ಕಾರ್ಯಗಳಲ್ಲಿ ಸೇರಿಸಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೇ ಇಟ್ಟಿತು. ಪುಲಿಗೆರೆಯ ಶಾಸನವು ಕರವನ್ನು ಗೊತ್ತುಪಡಿಸಿತು; ಈ ಕಾಯಿದೆಯು ತೆರುವವನನ್ನೇ ಆಲೋಚನೆಗೆ ಕೂಡಿಸಿಕೊಂಡಿತು. ಸುಂಕವನ್ನೂ ಸ್ಥಳವನ್ನೂ ಮೊದಲೇ ತಿಳಿಯಪಡಿಸಿ, ಮಾರುವವರ ಮಾತನ್ನು ಕೇಳುವ ಪುರಸಭೆಯು ಮುನವಳ್ಳಿಯಂತಹ ಊರುಗಳಲ್ಲಿ ದುಡಿಮೆಯನ್ನು ಉಳಿಸಬಲ್ಲುದು. ವಸೂಲಿಯೊಂದನ್ನೇ ಎಣಿಸುವ ಪುರಸಭೆಯು ಉಳಿಸಲಾರದು.